ತಕ್ಕಡಿಗೆ ಬಿದ್ದ ಕೊಸರು

ಒಕ್ಕೂಟ ವರ್ಷ ಮೂರು, ಹದಿಮೂರನೆಯ ತಿಂಗಳು, ಮೊದಲ ಸೋಮವಾರ
ದಾವಣಗೆರೆ, ದೇಶದ ರಾಜಧಾನಿ

ನಮಗಿಂತ ನೂರೈವತ್ತು ವರ್ಷ ಹಿಂದೆ ಬದುಕಿರುವ ಹಿರಿಯರಿಗೆ,

ತಾರೀಖು ನೋಡಿ, ಬರೆದವನಿಗೆ ತಲೆ ಸರಿಯಿಲ್ಲ ಎಂದುಕೊಳ್ಳಬೇಡಿ. ತಿಂಗಳುಗಳೆಲ್ಲ ಸಮನಾಗಿರಲಿ ಎಂದು ಒಕ್ಕೂಟದವರು ವರ್ಷವನ್ನು ಹದಿಮೂರು ಹೋಳು ಮಾಡಿದ್ದಾರೆ. ಕೊನೆಯ ಹೋಳಿಗೆ ಯಾವ ದೇಶದ ಹೆಸರಿಡಬೇಕೆಂಬ ಜಗಳ ಮುಗಿಯದೆ ಅದಕ್ಕಿನ್ನೂ ನಾಮಕರಣವಾಗಿಲ್ಲ. ನಿಮಗೆ ತಿಳಿಯದ ಪದಗಳು ಬಂದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಪ್ರಾಸ ಬಂದರೂ ಕ್ಷಮಿಸಿ. ಅದು ಕಾಲದ ದೋಷವಲ್ಲ, ನನ್ನದೇ. ಈ ಕಾಗದ ಬರುತ್ತಿರುವುದು ಹಿಂದಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲಿನಲ್ಲಿ. ಒಕ್ಕೂಟ ಸೇರಿದ ಸಂತೋಷಕ್ಕೆ ತಲೆಗೊಂದರಂತೆ ಪುಕ್ಕಟೆ ಕೊಟ್ಟಿದ್ದಾರೆ. ಪುಕ್ಕಟೆ ಎಂದಾಗಲೇ ನನಗೆ ಗುಮಾನಿ.

ದೆಹಲಿಯ ಗಾಳಿ ಉಸಿರಾಟಕ್ಕೆ ಒಗ್ಗದಂತಾಗಿ ರಾಜಧಾನಿ ನಮ್ಮೂರಿಗೆ ಬಂದದ್ದು ನನ್ನ ಅಜ್ಜನ ಕಾಲದಲ್ಲಿ. ಹಳೆಯ ಹತ್ತಿ ಗಿರಣಿ ಇದ್ದ ಕಡೆ ಈಗ ಸಂಸತ್ತಿದೆ. ನೂಲು ಎಳೆಯುತ್ತಿದ್ದ ಜಾಗದಲ್ಲಿ ಈಗ ಕಾಲು ಎಳೆಯುತ್ತಾರೆ, ಅಷ್ಟೇ ವ್ಯತ್ಯಾಸ. ಮೂರು ವರ್ಷದ ಹಿಂದೆ ದೇಶವು ಸಾಗರಕೂಟಕ್ಕೆ ಸೇರಿತು. ಒಂದೇ ಸಮುದ್ರಕ್ಕೆ ಮುಖಮಾಡಿದ ದೇಶಗಳೆಲ್ಲ ಸೇರಿ ಕಟ್ಟಿಕೊಂಡ ಒಕ್ಕೂಟ ಅದು. ಅದರ ನಿಯಮಗಳು ಎಲ್ಲ ರಾಜಧಾನಿಗಳಿಗೂ ಒಂದೇ. ಉಳಿದ ರಾಜಧಾನಿಗಳು ಕಡಲ ದಂಡೆಯಲ್ಲಿರುವುದರಿಂದ ನಮ್ಮ ಬಸ್ ನಿಲ್ದಾಣಗಳಿಗೂ ‘ಬಂದರು’ ಎಂದೇ ಹೆಸರು. ತಿಂಗಳಿಗೊಮ್ಮೆ ಸೈರನ್ ಕೂಗಿದಾಗ ಊರಿನವರೆಲ್ಲ ಸುನಾಮಿ ತಾಲೀಮಿಗೆಂದು ಬಾತಿ ಗುಡ್ಡ ಹತ್ತಬೇಕು. ಮೊದಮೊದಲು ನಗುತ್ತಿದ್ದೆವು. ಈಗ ಹತ್ತುವಾಗ ಯಾರೂ ನಗುವುದಿಲ್ಲ. ನಮಗೆ ಗೊತ್ತಿಲ್ಲದ್ದೇನೋ ಅವರಿಗೆ ಗೊತ್ತಿರಬೇಕು ಎಂಬ ಅನುಮಾನ ಮೆಲ್ಲಗೆ ಎಲ್ಲರನ್ನೂ ಹಿಡಿದಿದೆ. ನಾನಂತೂ ಗುಡ್ಡದ ಮೇಲೆ ನಿಂತು ಪಡುವಣಕ್ಕೊಮ್ಮೆ ನೋಡಿಯೇ ಇಳಿಯುತ್ತೇನೆ.

ಆದರೆ ನಾನು ಹೇಳಹೊರಟದ್ದು ನನ್ನ ಅತ್ತಿಗೆ ಹಾಲಮ್ಮನವರ ಮಂಡಕ್ಕಿ ಅಂಗಡಿಯ ವಿಷಯ. ಸಂಸತ್ತಿನ ಗೇಟಿನೆದುರಿನ ಚೌಕದಲ್ಲಿ ಅಣ್ಣ ಇಟ್ಟ ಅಂಗಡಿ. ಅಣ್ಣ ಹೋದ ಮೇಲೆ ಅತ್ತಿಗೆ ಒಬ್ಬರೇ ನಡೆಸಿದರು. ಆ ಚೌಕದಲ್ಲಿ ಉಳಿಯಬೇಕಾದರೆ ಸಮಮುದ್ರೆ ಬೇಕು, ಅಂದರೆ ಒಕ್ಕೂಟದ ಪರೀಕ್ಷಕ ಬಂದು ನೋಡಿ ಒತ್ತುವ ಠಸ್ಸೆ. ಅದಿಲ್ಲದವರು ಅಂಗಡಿ ಕಿತ್ತುಕೊಂಡು ಹೋಗಬೇಕು. ನಿಯಮ ಸರಳ: ಗಿರಾಕಿ ಕೇಳಿದ್ದಕ್ಕಿಂತ ಕಡಿಮೆ ಕೊಡಕೂಡದು, ಹೆಚ್ಚೂ ಕೊಡಕೂಡದು. ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಅನ್ಯಾಯವಂತೆ.

ಕಷ್ಟ ಇದ್ದದ್ದು ಇಲ್ಲೇ. ನಿಮ್ಮ ಕಾಲದ ಹಾಗೆ ನಮ್ಮ ಕಾಲದಲ್ಲೂ ಮಂಡಕ್ಕಿ ಅಳೆದು ಕೊಟ್ಟ ಮೇಲೆ ಒಂದು ಹಿಡಿ ಕೊಸರು ಬೀಳಲೇಬೇಕು. ಅತ್ತಿಗೆಯ ಕೈ ಅದನ್ನು ತಾನಾಗಿಯೇ ಮಾಡುತ್ತಿತ್ತು. ಪರೀಕ್ಷೆಗೆ ಮುಂಚೆ ನಾನು ದಿನಾ ಸಂಜೆ ಗಿರಾಕಿಯಂತೆ ನಿಂತು ತಾಲೀಮು ಮಾಡಿಸಿದೆ. ತೂಗಿ ಕೊಡುವುದು, ಕೈ ಹಿಂದಕ್ಕೆ ಕಟ್ಟಿಕೊಳ್ಳುವುದು.

“ಕೊಟ್ರೇಶಿ, ಹಿಂಗ್ ಕೈ ಕಟ್ಕಂಡು ನಿಂತ್ರೆ ಸಾಲ ಕೇಳಾಕ್ ಬಂದೋರಂಗ್ ಕಾಣ್ತೀನಿ,” ಎಂದು ಅತ್ತಿಗೆ ರೇಗಿದರು.

“ಅಂಗಡಿ ಉಳೀಬೇಕಾದ್ರೆ ಕಟ್ಕೊಳ್ರಿ ಅತ್ತಿಗೆ.”

ಪರೀಕ್ಷಕ ಬಂದ. ಕಡಲಾಚೆಯ ಜಾಂಜಿಬಾರಿನವನು, ಹೆಸರು ಜುಮಾ. ಕೊರಳಲ್ಲಿ ತರ್ಜುಮಾ, ಅಂದರೆ ನುಡಿ ಬದಲಿಸಿ ಹೇಳುವ ಪಟ್ಟಿ. ಒಳ್ಳೆಯ ಮನುಷ್ಯನ ಹಾಗೆ ಕಂಡ. ಅದಕ್ಕೇ ನಾನು ಎರಡು ಹೆಜ್ಜೆ ದೂರ ನಿಂತೆ. ಅತ್ತಿಗೆ ಕೂದಲೆಳೆಯಷ್ಟೂ ಆಚೀಚೆಯಾಗದಂತೆ ತೂಗಿ, ಪೊಟ್ಟಣ ಕೊಟ್ಟು, ಕೈ ಹಿಂದಕ್ಕೆ ಕಟ್ಟಿಕೊಂಡರು. ಅವನು ಠಸ್ಸೆ ಹೊರತೆಗೆದ. ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಆದರೆ ಪರೀಕ್ಷೆ ಮುಗಿಯಿತು ಎಂದು ಗೊತ್ತಾದ ಕೂಡಲೇ ಅವನು ಅತ್ತಿಗೆಯ ಪಾಲಿಗೆ ಪರೀಕ್ಷಕನಾಗಿ ಉಳಿಯಲಿಲ್ಲ, ದೂರದಿಂದ ಹಸಿದು ಬಂದವನಾದ.

“ತಡೀರಿ ಅಣ್ಣಾರೆ,” ಎಂದವರೇ ಒಂದು ಹಿಡಿ ತುಂಬ ಮಂಡಕ್ಕಿ ಅವನ ಪೊಟ್ಟಣಕ್ಕೆ ಸುರಿದರು.

ಚೌಕದವರೆಲ್ಲ ತಿರುಗಿ ನೋಡಿದರು. ಜುಮಾನ ಕೊರಳಪಟ್ಟಿ ಗ್ರಾಂಥಿಕ ಕನ್ನಡದಲ್ಲಿ ಕೇಳಿತು: “ಮಾತೆಯೇ, ಈ ಅಧಿಕವು ಯಾವ ಕಾರಣದಿಂದ?”

“ಕಾರಣ ಏನ್ ಬಂತು ಯಪ್ಪಾ. ಕೊಸರು. ತಿಂತಾ ಹೋಗ್ರಿ.”

ಪಟ್ಟಿ ಆ ಪದವನ್ನು ತಿರುವಿ ಮುರುವಿ ನೋಡಿ, ಗುಯ್‌ಗುಟ್ಟಿ ಸುಮ್ಮನಾಯಿತು. ಜುಮಾ ಒಂದು ಬಾಯಿ ತಿಂದ. ಅವನ ಕಣ್ಣಲ್ಲಿ ನೀರಾಡಿತು; ಮೆಣಸಿನಕಾಯಿಯ ಖಾರಕ್ಕೂ ಇರಬಹುದು. ಅಂಗಡಿಯ ಫಲಕಕ್ಕೆ ಠಸ್ಸೆ ಒತ್ತಿ ಹೋದ. ಚೌಕದವರೆಲ್ಲ ಅಂದು ಅತ್ತಿಗೆಯನ್ನು ಹೊತ್ತುಕೊಂಡು ಕುಣಿಯುವುದೊಂದು ಬಾಕಿ. ನನಗೊಬ್ಬನಿಗೆ ಮಾತ್ರ ನಿದ್ದೆ ಬರಲಿಲ್ಲ. ಇಷ್ಟು ಸುಲಭಕ್ಕೆ ಬಿಡುವವರಲ್ಲ ಇವರು ಎನ್ನಿಸಿತು.

ಬಿಡಲಿಲ್ಲ. ಜುಮಾ ಮೆಚ್ಚಿ ಮೇಲಕ್ಕೆ ಬರೆದಿದ್ದ. ದ್ವೇಷದಿಂದ ಬರೆದಿದ್ದರೆ ಹೇಗೋ ಬಚಾವಾಗುತ್ತಿದ್ದೆವು. ಕೆಲವು ತಿಂಗಳಲ್ಲಿ ಆದೇಶ ಬಂತು: ಕೊಸರು ಒಕ್ಕೂಟದ ಸೌಹಾರ್ದ ಪದ್ಧತಿ, ಎಲ್ಲ ದೇಶಗಳ ಎಲ್ಲ ಅಂಗಡಿಗಳಲ್ಲೂ ಕಡ್ಡಾಯ, ಯಾರಿಗೂ ಅನ್ಯಾಯವಾಗದಂತೆ ಎಲ್ಲರಿಗೂ ಎಂಟು ಗ್ರಾಂ. ಅದನ್ನು ತೂಗಲು ಅತ್ತಿಗೆಯ ಮುಂದೆ ಎರಡನೆಯ ತಕ್ಕಡಿ ಬಂದು ಕುಳಿತಿತು. ಮಂಡಕ್ಕಿಯನ್ನು ಎಂಟು ಗ್ರಾಂಗೆ ನಿಲ್ಲಿಸುವುದೆಂದರೆ ಉಸಿರು ಬಿಟ್ಟರೂ ಹಾರುವ ವಸ್ತುವಿಗೆ ಶಿಸ್ತು ಕಲಿಸಿದ ಹಾಗೆ.

ಆಮೇಲೆ ಸಾಲಿನಲ್ಲಿ ನಿಂತವರು ಅತ್ತಿಗೆಯ ಮುಖ ನೋಡುವುದನ್ನು ಬಿಟ್ಟು ತಕ್ಕಡಿ ನೋಡತೊಡಗಿದರು. ಒಂದು ಸಂಜೆ, ಅಣ್ಣನ ಕಾಲದಿಂದಲೂ ಬರುತ್ತಿದ್ದ ಮಲ್ಲೇಶಣ್ಣ ಪೊಟ್ಟಣ ಹಿಡಿದುಕೊಂಡೇ ನಿಂತರು.

“ಹಾಲಮ್ಮ, ಏಳು ತೋರಿಸ್ತೈತಲ್ಲ.”

“ಇಷ್ಟ್ ವರ್ಷ ತಿಂದೀರಿ ಮಲ್ಲೇಶಣ್ಣ, ಒಂದಿನಾನೂ ತೂಗಿ ನೋಡ್ಲಿಲ್ವಲ್ಲ.”

“ಅವಾಗ ಅದು ನಿನ್ನ ಕೈಯ್ದಾಗಿತ್ತವ್ವ. ಈಗ ಸರ್ಕಾರದ್ದು, ನನ್ನ ಹಕ್ಕು.”

ಅತ್ತಿಗೆ ಚಿಟಿಕೆ ಸೇರಿಸಿದರು, ಮುಳ್ಳು ಒಂಬತ್ತಕ್ಕೆ ಹೋಯಿತು. ಹಿಂದೆ ನಿಂತವನೊಬ್ಬ, “ಅವ್ರಿಗ್ಯಾಕೆ ಒಂಬತ್ತು?” ಎಂದ. ಆಗ ಅತ್ತಿಗೆ, ಕೊಟ್ಟ ಪೊಟ್ಟಣಕ್ಕೆ ಕೈಹಾಕಿ ಒಂದಿಷ್ಟು ಮಂಡಕ್ಕಿ ವಾಪಸು ತೆಗೆದರು. ಆ ಕೈ ಗಿರಾಕಿಯ ಚೀಲಕ್ಕೆ ಹಾಕಿದ್ದನ್ನು ಕಂಡಿದ್ದೆ, ತೆಗೆದದ್ದನ್ನು ಅಂದೇ ಕಂಡದ್ದು. ತೆಗೆದ ಮಂಡಕ್ಕಿಯನ್ನು ಎಲ್ಲಿಡಬೇಕೆಂದು ಅವರಿಗೆ ತೋಚಲಿಲ್ಲ. ಬಹಳ ಹೊತ್ತು ಮುಷ್ಟಿಯಲ್ಲೇ ಹಿಡಿದುಕೊಂಡು ನಿಂತಿದ್ದರು.

ಮರುದಿನ ಅತ್ತಿಗೆಯೇ ಸಮಮುದ್ರೆಯ ಫಲಕ ಕಳಚಿ ನನ್ನ ಕೈಗಿತ್ತು, ಬಾಣಲೆ ತಲೆಯ ಮೇಲಿಟ್ಟುಕೊಂಡು ಚೌಕ ಬಿಟ್ಟರು. ಯಾವುದನ್ನು ಉಳಿಸಿಕೊಳ್ಳಲು ಅಷ್ಟು ತಾಲೀಮು ಮಾಡಿದೆವೋ ಆ ಜಾಗದಲ್ಲಿ ಈಗ ಒಕ್ಕೂಟದ ಕೊಸರು ಸ್ಮಾರಕವಿದೆ. ಕಲ್ಲಿನ ಕೈ, ಕಲ್ಲಿನ ಮಂಡಕ್ಕಿ.

ಅತ್ತಿಗೆ ಎಲ್ಲಿಗೆ ಹೋದರು ಎಂಬುದು ನನಗೆ ಗೊತ್ತು. ಬರೆಯುವುದಿಲ್ಲ, ಹಿಂದಂಚೆಯನ್ನು ಒಡೆದು ಓದುತ್ತಾರೆಂದು ನನ್ನ ಗುಮಾನಿ. ಸಂಜೆ ನನ್ನ ಜೇಬಿನಲ್ಲಿ ಮಂಡಕ್ಕಿ ಪುಡಿ ಏಕಿರುತ್ತದೆ ಎಂದು ನೀವೂ ಕೇಳಬೇಡಿ.

ಒಂದೇ ಬೇಡಿಕೆ. ನಾಳೆ ನಿಮ್ಮ ಸಂತೆಯಲ್ಲಿ ಯಾರಾದರೂ ಅಳೆದು ಕೊಟ್ಟ ಮೇಲೆ ಒಂದು ಹಿಡಿ ಹೆಚ್ಚು ಹಾಕಿದರೆ ದಯವಿಟ್ಟು ಹೊಗಳಬೇಡಿ. ಹೊಗಳಿದ್ದನ್ನು ಬರೆಯುತ್ತಾರೆ, ಬರೆದದ್ದನ್ನು ಅಳೆಯುತ್ತಾರೆ, ಅಳೆದದ್ದನ್ನು ಕಳೆಯುತ್ತಾರೆ. ಕೃತಜ್ಞತೆಯನ್ನು ಯಾರೂ ಗುರುತಿಸದ ಹಾಗೆ ಮುಖ ಗಂಟುಹಾಕಿಕೊಂಡು, “ಇಷ್ಟೇನಾ, ಇನ್ನೊಂಚೂರು ಹಾಕವ್ವ,” ಎಂದು ಗೊಣಗಿ ಚೀಲ ಮುಂದೆ ಹಿಡಿಯಿರಿ.

ಇಂತಿ, ನಿಮ್ಮ ಪಾಲಿಗಿನ್ನೂ ಹುಟ್ಟದ
ಕೊಟ್ರೇಶಿ