ನಿನ್ನ ಪುಸ್ತಕದ ಕತ್ತಲೆ

ಶುಕ್ರವಾರ, ಸಂಜೆ

ಕಾದಂಬರಿಕಾರ ಮಹಾಶಯರಿಗೆ,

ಹೀಗೆ ಕರೆದರಾದರೂ ಓದುತ್ತೀಯೇನೋ ಎಂಬ ಆಸೆ. ಹಳೆಯ ಜಗಳ ಕೆದಕಲು ಬರೆಯುತ್ತಿಲ್ಲ. ನಾನು ನಕ್ಷೆ ಹಾಕಿ ಕಟ್ಟಿಸಿದ, ನಾವಿಬ್ಬರೂ ಸಂಸಾರ ಹೂಡಿದ್ದ ಈ ವಸತಿ ಕಟ್ಟಡವನ್ನು ಕೆಡವಲು ನಗರಸಭೆ ಹೊರಟಿದೆ. ಸೋಮವಾರ ಕಡೆಯ ವಿಚಾರಣೆ.

ಗೋಡೆ ಬಿರುಕು ಬಿಟ್ಟಿಲ್ಲ, ತಾರಸಿ ಸೋರುತ್ತಿಲ್ಲ. ಇಲ್ಲಿ ಅಂಗಡಿಗಳ ಸಾಲು ಬರಬೇಕಂತೆ. ಅವರಿಗೊಂದು ನೆಪ ಬೇಕಿತ್ತು, ನೀನು ಒದಗಿಸಿದೆ. ನಗರಸಭೆಯ ವರದಿಯ ಮೊದಲ ಪುಟದಲ್ಲೇ ನಿನ್ನ ಕಾದಂಬರಿಯ ಸಾಲುಗಳಿವೆ: ಹಗಲಲ್ಲೂ ಬೆಳಕು ಕಾಣದ ಕೋಣೆ, ಅದನ್ನು ಕಟ್ಟಿದವಳೇ ಅದರೊಳಗೆ ಉಸಿರುಗಟ್ಟಿ ಸತ್ತದ್ದು. ಈ ಮನೆಗಳು ವಾಸಕ್ಕೆ ಯೋಗ್ಯವಲ್ಲವೆಂದು ಸಾಹಿತ್ಯವೇ ಸಾಕ್ಷಿ ನುಡಿದಿದೆ ಎಂದರು ಅಧ್ಯಕ್ಷರು, ಹೋದ ವಿಚಾರಣೆಯಲ್ಲಿ. ಆ ಸತ್ತವಳು ನಾನೇ ಸ್ವಾಮಿ ಎಂದು ಎದ್ದು ನಿಂತೆ. ಸಭೆ ಗೊಳ್ಳೆಂದು ನಕ್ಕಿತು. ನನಗೆ ಅಳು ಬಂತು.

ಕೆಳಗಿನ ಮನೆಯ ಹೊಲಿಗೆಯವಳು ನಿನ್ನ ಪುಸ್ತಕ ಓದಿಲ್ಲ. "ನಿಮ್ಮ ಯಜಮಾನ್ರು ಬರೆದಿರೋ ಮನೇನ ಕೆಡವ್ಕೊಳ್ಲಿ ಅಕ್ಕಾ, ನಮ್ಮನೇನ ಯಾಕಂತೆ?" ಎಂದು ಕೇಳಿದಳು. ಯಂತ್ರ ಹೊತ್ತುಕೊಂಡು ಅವಳು ಎಲ್ಲಿಗೆ ಹೋಗಬೇಕು?

ಹೊಸದರಲ್ಲಿ ನಾವಿಬ್ಬರೂ ಎಷ್ಟು ಹಾರಾಡುತ್ತಿದ್ದೆವು! ಹೊಸ ಕಾಲದ ಬರಹಕ್ಕೂ ಕಟ್ಟಡಕ್ಕೂ ಒಂದೇ ನಿಯಮ, ಅಲಂಕಾರ ಬೇಡ, ಇದ್ದದ್ದು ಇದ್ದ ಹಾಗೆ ಕಾಣಲಿ ಎನ್ನುತ್ತಿದ್ದೆವು. ಅದನ್ನು ನಂಬಿ ನಾನು ಗಿಲಾವು ಮಾಡಿಸದೆ ಇಟ್ಟಿಗೆಯನ್ನು ಹಾಗೇ ಬಿಟ್ಟೆ. ನೀನು ಇಲ್ಲದ ಕತ್ತಲೆಯನ್ನು ಬರೆದೆ. ಬರೆಯುವ ಹಕ್ಕು ನಿನ್ನದು, ನನ್ನ ತಕರಾರಿಲ್ಲ. ಹಾಳಾದ್ದು, ಕಾದಂಬರಿ ಚೆನ್ನಾಗಿಯೂ ಇದೆ. ಆದರೆ ಕಾಗದದ ಮನೆಯಲ್ಲಿ ಯಾರೂ ಮಲಗುವುದಿಲ್ಲ, ಇಲ್ಲಿ ಮಕ್ಕಳು ಮಲಗುತ್ತವೆ.

ದಮ್ಮಯ್ಯ, ಸೋಮವಾರ ಬಂದು ಒಂದೇ ಮಾತು ಹೇಳು, ಅದು ಕಟ್ಟುಕತೆ ಎಂದು. ಬೇಕಿದ್ದರೆ ನನ್ನನ್ನು ಬೈದುಕೊಂಡೇ ಹೇಳು. ನನ್ನ ಮಾತನ್ನು ಅಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳುತ್ತಿಲ್ಲ. ಕೈಮುಗಿಯುತ್ತೇನೆ, ನನಗೆ ಬೇರೆ ದಾರಿಯೇ ತೋಚುತ್ತಿಲ್ಲ.

ಇನ್ನೂ ಸಾಯದ,
ನಿನ್ನ ಕಥಾನಾಯಕಿ

ತಾ.ಕ.: ಸಾಮಾನು ಕಟ್ಟಲೆಂದು ಇವತ್ತು ನಿನ್ನ ಪುಸ್ತಕದ ಕಪಾಟನ್ನು ಸರಿಸಿದೆ. ನೀನು ಬರೆಯಲು ಕೂರುತ್ತಿದ್ದ ಜಾಗದ ತನಕ ಬಿಸಿಲು ಬಂತು. ನಿನ್ನ ಮೇಜಿಗೆಂದೇ ನಾನು ಇಟ್ಟಿದ್ದ ಕಿಟಕಿ ಅದು. ಪುಸ್ತಕಗಳಿಗೆ ಜಾಗ ಸಾಲದೆಂದು ಬಂದ ದಿನವೇ ನೀನು ಕಪಾಟು ಅಡ್ಡವಿಟ್ಟು ಮುಚ್ಚಿದೆ. ನೀನು ಹೋದ ಮೇಲೂ ನಾನು ತೆರೆಯಲಿಲ್ಲ. ವಾಪಸು ಬಂದರೆ ನಿನ್ನ ಪುಸ್ತಕಗಳು ಇದ್ದಲ್ಲೇ ಸಿಗಲಿ ಎಂದು.