ತಿಜೋರಿಯಲ್ಲಿದ್ದ ಅತ್ತರು

ವಿಜಯಪುರ,
೯ ಡಿಸೆಂಬರ್ ೨೦೨೪

ದೋಸ್ತ ಹಸನಸಾಬನಿಗೆ,

ನಿನ್ನ ಮಲ್ಲಿನಾಥನ ಸಲಾಂ. ನಾವಿಲ್ಲಿ ಆರಾಮ ಇದ್ದೇವೆ. ಬಬಲೇಶ್ವರದಲ್ಲಿ ನೀನು, ಭಾಭಿ, ಮೊಮ್ಮಗ ಸಾದಿಕ ಎಲ್ಲರೂ ಆರಾಮ ಇರಬೇಕು. ಫೋನಿದ್ದೂ ಇವನೇಕೆ ಕಾಗದ ಬರೆದ ಎಂದು ನಗಬೇಡ. ಫೋನಿನಲ್ಲಿ ನೀನು 'ಏನಲೇ ಮಲ್ಲ್ಯಾ' ಅಂದರೆ ಸಾಕು, ನಾನು ನಕ್ಕುಬಿಡುತ್ತೇನೆ, ಹೇಳಬೇಕಾದದ್ದು ಹಾಗೇ ಉಳಿದುಬಿಡುತ್ತದೆ. ನಿನ್ನ ಮುಂದೆ ಒಂದು ತಪ್ಪು ಒಪ್ಪಿಕೊಳ್ಳುವುದಿದೆ. ಮೂರು ಸಲ ಬರೆದೆ, ಮೂರು ಸಲ ಹರಿದೆ. ತಡವಾದದ್ದು ಹಾಗೆ. ಮೊದಲು ಮನೆಯ ಸುದ್ದಿ ಹೇಳುತ್ತೇನೆ.

ನನ್ನ ಮದುವೆಯಲ್ಲಿ ನಿಮ್ಮ ಅಬ್ಬಾ, ಮೌಲಾಸಾಬ ಚಾಚಾ, ತಮ್ಮ ಕೈಯಾರೆ ಕೂಡಿಸಿದ ಅತ್ತರಿನ ಶೀಶೆ ಕೊಟ್ಟಿದ್ದರಲ್ಲ? 'ದಿನಾ ಹಚ್ಕೊ ಬೇಟಾ, ಎತ್ತಿ ಇಡಬ್ಯಾಡ' ಎಂದಿದ್ದರು. ನಾನು ಎತ್ತಿಯೇ ಇಟ್ಟೆ! ಅಂಗಡಿ ಪೂಜೆಗೆ ತೆಗೆದರಾಯಿತು ಎಂದೆ, ಆಮೇಲೆ ಮಗನ ಹೆಸರಿಡುವಾಗ ಎಂದೆ, ಆಮೇಲೆ ಹೊಸ ಮನೆಗೆ ಹೋಗುವಾಗ ಎಂದೆ. ಮೂವತ್ತೊಂದು ವರ್ಷ ಹೀಗೇ ಹೋದವು. ಯಪ್ಪಾ, ನನ್ನಂಥ ಜೀನ ಇನ್ನೊಬ್ಬನಿಲ್ಲ.

ಈ ದೀಪಾವಳಿಗೆ ತಿಜೋರಿ ಝಾಡಿಸುವಾಗ ನೋಡಿದರೆ ಶೀಶೆ ಅರ್ಧ ಖಾಲಿ. ಬಿರಡೆ ಬಿಗಿಯಾಗಿಯೇ ಇತ್ತು. ಯಾರ ಮೈಗೂ ತಾಗದೆ ಅತ್ತರು ತಾನಾಗಿ ಹಾರಿಹೋಗಿತ್ತು. ಸೌಭಾಗ್ಯ ಅದೇ ತಿಜೋರಿಯಲ್ಲಿದ್ದ ತನ್ನ ಮದುವೆಯ ರೇಷ್ಮೆ ಸೀರೆಗೆ ಮೂಗು ಹಚ್ಚಿ, 'ಎಲ್ಲಾ ಇದರಾಗ ಬಂದ ಕುಂತೈತಿ ನೋಡ್ರಿ' ಎಂದಳು. ಆ ಸೀರೆಯನ್ನಾದರೂ ಉಟ್ಟದ್ದು ಎರಡು ಸಲವೋ ಏನೋ. ಅವತ್ತೇ ಅದನ್ನು ಉಟ್ಟುಕೊಂಡು ರೊಟ್ಟಿ ಬಡಿಯಲು ಕುಳಿತಳು.

'ಹಿಟ್ಟ ಹತ್ತತೈತಲ್ಲ' ಎಂದೆ.

'ಹತ್ತಲಿ ಬಿಡ್ರಿ. ಇನ್ನ ಯಾರ ಮುಂದ ಉಟ್ಕೋಬೇಕ ನಾ?' ಎಂದು ನಕ್ಕಳು.

ಕಿಟಕಿಯ ಬಿಸಿಲಿಗೆ ಜರಿ ಹೊಳೆಯುತ್ತಿತ್ತು, ಹಿಟ್ಟಿನ ಧೂಳು ತೇಲುತ್ತಿತ್ತು. ನಾನು ಕನಸಿನಲ್ಲಿದ್ದವನ ಹಾಗೆ ಬಾಗಿಲಲ್ಲೇ ನಿಂತುಬಿಟ್ಟೆ. ಅವತ್ತಿನ ಒಂದು ರೊಟ್ಟಿ ಹೊತ್ತಿತು.

ಅಂದಿನಿಂದ ನಾನೂ ದಿನಾ ಅತ್ತರು ಹಚ್ಚಿಕೊಳ್ಳುತ್ತೇನೆ. ಕಾಯಿಪಲ್ಯೆ ತರಲು ಹೋದರೂ ಅತ್ತರು, ನಳದ ನೀರು ತುಂಬಿದರೂ ಅತ್ತರು. ತೊರವಿಯಿಂದ ಮೊಸರು ಮಾರಲು ಬರುವ ರಾಚವ್ವ ಕಟ್ಟೆಗೆ ಬುಟ್ಟಿ ಇಳಿಸಿ, 'ಯಣ್ಣಾ, ಮಳಿ ಬಿದ್ದ ಹೊಲದಾಗ ನಿಂತಂಗ ಆತು' ಅಂದಳು. ಸೌಭಾಗ್ಯ ಕೇದಿಗೆ ಅನ್ನುತ್ತಾಳೆ. ಮೊನ್ನೆ ಬಿಜ್ಜರಗಿ ಬಸ್ಸಿನಲ್ಲಿ ತಿಕೋಟಾಕ್ಕೆ ಹೊರಟಿದ್ದೆ. ಪಕ್ಕದ ಮುದುಕ ನನ್ನ ಹೆಗಲಿಗೆ ವಾಲಿ, ಉಸಿರೆಳೆದು, ಹಾಗೇ ನಿದ್ದೆಹೋದ. ಎಬ್ಬಿಸಲು ಮನಸ್ಸಾಗಲಿಲ್ಲ. ತಿಕೋಟಾ ಬಂದರೂ ಇಳಿಯದೆ ಬಿಜ್ಜರಗಿಯವರೆಗೆ ಹೋದೆ!

ನನಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಕೊರೊನಾ ಜ್ವರದಲ್ಲಿ ಹೋದ ವಾಸನೆ ನನ್ನ ಮೂಗಿಗೆ ತಿರುಗಿ ಬರಲೇ ಇಲ್ಲವೆಂದು ನಿನಗೆ ಗೊತ್ತಲ್ಲ. ಎದುರಿನವರ ಮುಖ ಅರಳುವುದನ್ನು ನೋಡಿ ಅತ್ತರು ಹೇಗಿದೆಯೆಂದು ತಿಳಿದುಕೊಳ್ಳುತ್ತೇನೆ. ಮೂಗಿದ್ದಾಗ ಮುಚ್ಚಿಟ್ಟೆನಲ್ಲ ಎಂದು ನನ್ನ ಮೇಲೇ ಸಿಟ್ಟು ಬರುತ್ತದೆ. ಆದರೂ ಬೆಳಗ್ಗೆ ಬಿರಡೆ ತೆಗೆಯುವಾಗ ಖುಷಿಯಾಗುತ್ತದೆ. ಅಬ್ಬಾ ಅದರಲ್ಲಿ ಏನೇನು ಕೂಡಿಸಿದ್ದರೆಂದು ನೀನೇ ಬಂದು ಹೇಳಬೇಕು. ಶೀಶೆಯಲ್ಲಿ ಉಳಿದದ್ದು ಅರ್ಧ ಬೆರಳಿನಷ್ಟು. ಲಗೂನ ಬಾ.

ಭಾಭಿಗೆ ಸಲಾಂ. ಸಾದಿಕ ಚೆನ್ನಾಗಿ ಓದಲಿ, ಸುಖವಾಗಿರಲಿ. ಹೊಸ ಅಂಗಿ ಕೊಡಿಸಿದರೆ ಅವತ್ತೇ ತೊಟ್ಟುಕೊಂಡು ಮಣ್ಣು ಮಾಡಿಕೊಂಡು ಬರಲಿ.

ನಿನ್ನ
ಮಲ್ಲಿನಾಥ

ತಾ.ಕ.: ಮೊದಲು ಹೇಳಿದ ಆ ತಪ್ಪನ್ನು ಬರೆಯದೆಯೇ ಲಕೋಟೆ ಅಂಟಿಸಲು ಹೊರಟಿದ್ದೆ. ಸೌಭಾಗ್ಯ ಬಿಡಲಿಲ್ಲ. ಹೋದ ವರ್ಷ ಚಾಚಾ ತೀರಿಕೊಳ್ಳುವ ನಾಲ್ಕು ದಿನ ಮೊದಲು ಅವರನ್ನು ನೋಡಲು ಬಂದಿದ್ದೆ. ನೀನು ಔಷಧ ತರಲು ಹೋಗಿದ್ದೆ. 'ಬೇಟಾ ಮಲ್ಲು, ನನ್ನ ಅತ್ತರ ಹಚ್ಕೋತಿಯೇನ?' ಎಂದು ಕೇಳಿದರು. ಬಿರಡೆಯನ್ನೇ ತೆಗೆದಿಲ್ಲ ಎನ್ನಲು ನಾಚಿಕೆಯಾಯಿತು. 'ದಿನಾ ಹಚ್ಕೋತೀನ್ರಿ ಚಾಚಾ, ಇವತ್ತೂ ಹಚ್ಕೊಂಡ ಬಂದೀನಿ' ಎಂದುಬಿಟ್ಟೆ. ಅವರು ನನ್ನ ಕೈ ಹಿಡಿದು ಮೂಗಿನ ಹತ್ತಿರ ಒಯ್ದರು. ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದರು. ಆಮೇಲೆ ನನ್ನ ಮುಖ ನೋಡಿ, 'ಭಾಳ ಛಲೋ ಐತಿ ಬೇಟಾ' ಎಂದರು.