ಪಟ್ಟಿಯಲ್ಲಿ ಇಲ್ಲದ ಪೆಟ್ಟು

೯ ಸೆಪ್ಟೆಂಬರ್, ಮಂಗಳವಾರ. ಸಡಾ.

ಕಾಲೇಜಿನ ಸೆಮಿನಾರಿಗೆ ಮಾಡಿದ ಪಟ್ಟಿ ಬೆಳಿಗ್ಗೆಯಿಂದ ತಲೆ ತಿನ್ನುತ್ತಿದೆ. ಲಕ್ಷ ಜನರಿಗೆ ಹಲ್ಲೆಯ ಕೇಸು ಎಷ್ಟು ಎಂದು ದೇಶದೇಶಗಳನ್ನು ಹೋಲಿಸಿದ್ದೆ. ಸ್ವೀಡನ್ ನಮಗಿಂತ ಎಷ್ಟೋ ಪಟ್ಟು ಮೇಲೆ. ನಾವು ಅಷ್ಟು ಒಳ್ಳೆಯವರೇ?

ಮಧ್ಯಾಹ್ನ ಪಕ್ಕದ ಮನೆಯ ಫಕೀರವ್ವ ಕಾಕುಗೆ ಓದಿ ಹೇಳಿದೆ. ಅವಳ ಹಣೆಯ ಮೇಲೆ ನಿನ್ನೆ ಗಂಡ ಹೊಡೆದ ಬಾವು.

"ಇದರಾಗ ನನ್ನ ಪೆಟ್ಟು ಎಲ್ಲಿ ಬರದೀಯವಾ?" ಎಂದಳು.

ಎಲ್ಲೂ ಇರಲಿಲ್ಲ. ನಮ್ಮ ಓಣಿಯಲ್ಲಿ ಪ್ರತಿ ಸಲವೂ ಊರಿನ ಹಿರಿಯರು ಬಂದು ಕೂತು, ಹೊಡೆಸಿಕೊಂಡವಳೇ ಮಾಡಿಕೊಟ್ಟ ಚಹಾ ಕುಡಿದು, ಗಂಡನಿಂದ "ತಪ್ಪಾತು" ಅನ್ನಿಸಿ ಎದ್ದು ಹೋಗುತ್ತಾರೆ. ನನ್ನ ಪಟ್ಟಿ ಎಣಿಸಿದ್ದು ಠಾಣೆಯವರೆಗೆ ಹೋದ ಪೆಟ್ಟುಗಳನ್ನು ಮಾತ್ರ. ಇಷ್ಟು ತಿಳಿಯದೆ ಸೆಮಿನಾರು ಮಾಡಲು ಹೊರಟಿದ್ದೆ.

ಸಂಜೆ ಹಿರಿಯರು ಮತ್ತೆ ಬಂದು ಕಾಕುನ ಮನೆಯಲ್ಲಿ ಚಾಪೆಯ ಮೇಲೆ ಕೂತರು; ನಾನೂ ಅಲ್ಲೇ ಇದ್ದೆ. ಕಾಕು ಒಲೆಯ ಕಡೆ ಹೋಗಲೇ ಇಲ್ಲ.

"ನೀವು ಕುಂತಿರ್ರಿ. ನಾ ಸ್ಟೇಷನ್ನಿಗಿ ಹೋಗಿ ಬರ್ತೇನಿ," ಎಂದು ಚಪ್ಪಲಿ ಮೆಟ್ಟಿ ನನ್ನ ಕೈ ಹಿಡಿದಳು.

ದೂರು ನಾನೇ ಬರೆದೆ. ಅದರ ಕೆಳಗೆ ಅವಳು ಒಂದೊಂದೇ ಅಕ್ಷರ ಕೂಡಿಸಿ ಪೂರಾ ಹೆಸರು ಬರೆದಳು.

ಈಗ ಕಾಕು ನನ್ನ ಪಕ್ಕದಲ್ಲೇ ಮಲಗಿ ಗೊರಕೆ ಹೊಡೆಯುತ್ತಿದ್ದಾಳೆ. ಮುಂದಿನ ಸಲ ಯಾರಾದರೂ ಪಟ್ಟಿ ಮಾಡಿದರೆ ನಮ್ಮ ದೇಶದ ಲೆಕ್ಕದಲ್ಲಿ ಒಂದು ಕೇಸು ಏರಿರುತ್ತದೆ. ಏರಲಿ.